ಯಶಸ್ವಿಯಾಗಿ ವಿಫಲವಾಗಿದೆ

ಎಡವಿ ಬಿದ್ದವರನ್ನು ಕಂಡು ನಗಬಾರದೆಂಬುದು ಮನೆಯ ಹಿರಿಯರು ಮಕ್ಕಳಿಗೆ ಕಲಿಸುವ ಮೊದಲ ಮರ್ಯಾದೆಗಳಲ್ಲಿ ಒಂದು. ಆದರೆ ಬಿದ್ದದ್ದು ಮನುಷ್ಯನಲ್ಲ, ಯಂತ್ರ ಎಂದಾದರೆ? ಅದೂ ನಿಜವಾಗಿ ಬೀಳದೆ ಬಿದ್ದಂತೆ ನಟಿಸಿದರೆ? ನಮ್ಮ ಮನೆಗಳ ಹತ್ತು ಹನ್ನೆರಡು ವರ್ಷದ ಮಕ್ಕಳು ಮೊಬೈಲಿನ ಮೇಲೆ ಬಗ್ಗಿ ಕುಳಿತು ಹೊಟ್ಟೆ ಹಿಡಿದುಕೊಂಡು ನಗುವ ದೃಶ್ಯಗಳಲ್ಲಿ ಒಂದು ವಿಚಿತ್ರ ಬಗೆಯಿದೆ. ಹಿರಿಯರು ಇಣುಕಿ ನೋಡಿದರೆ ಅಲ್ಲಿ ಹಾಸ್ಯನಟರಿಲ್ಲ, ಕಥೆಯಿಲ್ಲ, ಸಂಭಾಷಣೆಯೂ ಇಲ್ಲ. ಇರುವುದು ಕೆಟ್ಟು ನಿಂತ ಒಂದು ಕಂಪ್ಯೂಟರ್ ಮಾತ್ರ. ಇದರಲ್ಲಿ ನಗುವಂಥದ್ದೇನಿದೆ ಎಂದು ಕೇಳಿದರೆ ಮಕ್ಕಳಿಗೆ ವಿವರಿಸಲು ಬಾರದು. ಅವರ ಪರವಾಗಿ ಆ ಕೆಲಸವನ್ನು ನಾವು ಮಾಡಬಯಸುತ್ತೇವೆ. ತಪ್ಪು ಯಾರದು, ಅದನ್ನು ತಿಳಿಸಬೇಕಾದವರು ಯಾರು, ತಿಳಿದುಕೊಂಡವರು ಏನು ಮಾಡಬೇಕು ಎಂಬ ಹಳೆಯ ಪ್ರಶ್ನೆಗಳು ಈ ನಗೆಯ ಬೆನ್ನಿಗೇ ಅಂಟಿಕೊಂಡಿವೆ ಎಂದು ನಮಗೆ ತೋರುತ್ತದೆ.

ದೃಶ್ಯ ಸಾಮಾನ್ಯವಾಗಿ ಹೀಗೆ ಆರಂಭವಾಗುತ್ತದೆ. ಪರದೆಯ ಮೇಲೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಪ್ರಸಿದ್ಧ ಹಸಿರು ಗುಡ್ಡ, ಅದರ ಮೇಲೆ ಬಿಳಿ ಮೋಡಗಳ ನೀಲಿ ಆಕಾಶ. ಯಾರೋ ಒಂದು ಕಡತವನ್ನು ತೆರೆಯಲು ಹೋಗುತ್ತಾರೆ. 'ಟಣ್' ಎಂಬ ಸದ್ದಿನೊಡನೆ ಪುಟ್ಟ ಚೌಕವೊಂದು ಮೂಡುತ್ತದೆ. ಕೆಂಪು ವೃತ್ತದೊಳಗೆ ಬಿಳಿಯ ಕತ್ತರಿ ಗುರುತು, ಪಕ್ಕದಲ್ಲಿ ದೋಷ ಸಂಭವಿಸಿದೆ ಎಂಬ ಸಾಲು, ಕೆಳಗೆ 'ಓಕೆ' ಎಂಬ ಗುಂಡಿ. ಒತ್ತಿದರೆ ಚೌಕ ಎರಡಾಗುತ್ತದೆ. ಎರಡನ್ನೂ ಮುಚ್ಚಿದರೆ ನಾಲ್ಕು. ರಕ್ತಬೀಜನ ಕಥೆ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಂದು ಚೌಕ ತನ್ನನ್ನು ನಿಜವಾಗಿಯೂ ಮುಚ್ಚಬೇಕೆ ಎಂದು ಕೇಳಿ, 'ಹೌದು' ಎಂಬ ಗುಂಡಿಯನ್ನು ಕೈಗೆ ಸಿಗದಂತೆ ಪರದೆಯ ತುಂಬ ಓಡಿಸುತ್ತದೆ. ಇನ್ನೊಂದು, ಹಿಂದಿನ ದೋಷವನ್ನು ತೋರಿಸುವಾಗ ದೋಷವಾಯಿತೆಂದು ವಿಷಾದಿಸುತ್ತದೆ. ಮತ್ತೊಂದು, ದೋಷಗಳು ಮುಗಿದುಹೋಗಿವೆ, ದಯವಿಟ್ಟು ಹೊಸ ದೋಷಗಳನ್ನು ಹಾಕಿ ಎನ್ನುತ್ತದೆ. ಟಣ್ ಟಣ್ ಸದ್ದುಗಳು ಒಂದಕ್ಕೊಂದು ಸೇರಿ ಚೆಂಡೆಯ ಪೆಟ್ಟುಗಳಂತೆ ತಾಳ ಕಟ್ಟುತ್ತವೆ. ತಾಳ ಏರಿದಂತೆ ಚೌಕಗಳು ಕುಣಿಯುತ್ತವೆ. ಕೊನೆಗೆ ಎಲ್ಲವನ್ನೂ ನುಂಗುವ ನೀಲಿ ಪರದೆ.

ಇವುಗಳನ್ನು ಯಾವ ಕಂಪನಿಯೂ ತಯಾರಿಸಿದ್ದಲ್ಲ. ಅಭಿಮಾನಿಗಳೆಂದು ಕರೆಯಬಹುದಾದ ಹವ್ಯಾಸಿಗಳು, ಅವರಲ್ಲಿ ಬಹಳ ಮಂದಿ ಹುಡುಗರು, ವಿಡಿಯೋ ಜೋಡಿಸುವ ತಂತ್ರಾಂಶಗಳಲ್ಲಿ, ಕೆಲವೊಮ್ಮೆ ಶಾಲೆಯ ಪವರ್‌ಪಾಯಿಂಟಿನಲ್ಲಿ, ಚೌಕದ ಮೇಲೆ ಚೌಕವಿಟ್ಟು ಕಟ್ಟಿದವು. ಇನ್ನೂ ಮುಂದೆ ಹೋದವರು ಇಡೀ ವ್ಯವಸ್ಥೆಯ ಅಣಕನ್ನೇ ನಿರ್ಮಿಸಿದ್ದಾರೆ. 2014ರಲ್ಲಿ ಫ್ರಾನ್ಸಿನ ಇಬ್ಬರು ಕಲಾವಿದರು 'ವಿಂಡೋಸ್ 93' ಎಂಬ, ಎಂದೂ ಇಲ್ಲದಿದ್ದ ಒಂದು ವಿಂಡೋಸನ್ನು ಸೃಷ್ಟಿಸಿ ಜನರ ಮುಂದಿಟ್ಟರು. 'ಪ್ರೋಗ್ರೆಸ್‌ಬಾರ್95' ಎಂಬ ಆಟದಲ್ಲಿ ಹಳೆಯ ಕಂಪ್ಯೂಟರಿನ ಕಾಯುವ ಪಟ್ಟಿಯನ್ನು ತುಂಬಿಸುವುದೇ ಆಟ. ನಡುವೆ ಬರುವ ದೋಷದ ಚೌಕಗಳೇ ಶತ್ರುಗಳು. ಇವೆಲ್ಲಕ್ಕಿಂತ ಹಿಂದೆಯೇ, ಜೇಮೀ ಜವಿನ್‌ಸ್ಕಿ ಎಂಬ ತಂತ್ರಜ್ಞರ ಪರದೆ-ರಕ್ಷಕ ಸಂಗ್ರಹದಲ್ಲಿ, ಬೇರೆ ಬೇರೆ ಕಂಪ್ಯೂಟರುಗಳ ಸಾವಿನ ಪರದೆಗಳನ್ನು ಸರದಿಯಂತೆ ತೋರಿಸುವ ಒಂದು ಅಣಕು ಸೇರಿತ್ತು. ಯಂತ್ರ ವಿಶ್ರಾಂತಿಯಲ್ಲಿರುವಾಗ ಸತ್ತಂತೆ ನಟಿಸಲಿ ಎಂಬ ಆಲೋಚನೆ ಹೊಳೆದ ಮನಸ್ಸಿಗೆ ನಾವು ತಲೆಬಾಗುತ್ತೇವೆ.

ಈ ಅಣಕುಗಳಲ್ಲಿ ಪದೇ ಪದೇ ಬರುವ ಒಂದು ಚಿತ್ರ ನಮ್ಮ ಗಮನ ಸೆಳೆಯುತ್ತದೆ. ಕೆಟ್ಟುಹೋದ ಚೌಕವನ್ನು ಎಳೆದಾಗ ಅದು ಹೋದ ದಾರಿಯುದ್ದಕ್ಕೂ ತನ್ನದೇ ನೂರಾರು ಪ್ರತಿಗಳನ್ನು ಇಸ್ಪೀಟು ಎಲೆ ಹರಡಿದಂತೆ ಬಿಟ್ಟು ಸಾಗುತ್ತದೆ. ಇದು ಕಲ್ಪನೆಯಲ್ಲ. ಎಕ್ಸ್‌ಪಿಯ ಕಾಲದಲ್ಲಿ ಪರದೆಯ ಪ್ರತಿಯೊಂದು ಕಿಟಕಿಯೂ ತನ್ನ ಚಿತ್ರವನ್ನು ತಾನೇ ಬಿಡಿಸಿಕೊಳ್ಳಬೇಕಿತ್ತು. ಮೇಲಿದ್ದ ಚೌಕ ಸರಿದಾಗ ಕೆಳಗಿನ ಕಿಟಕಿ, ಈಗ ತೆರವಾದ ನನ್ನ ಭಾಗವನ್ನು ಮತ್ತೆ ಬಿಡಿಸಬೇಕು ಎಂದು ಎಚ್ಚೆತ್ತು ಕೆಲಸ ಮಾಡಬೇಕು. ಕೆಳಗಿನ ತಂತ್ರಾಂಶವೇ ಮೂರ್ಛೆ ಹೋಗಿದ್ದರೆ ಬಿಡಿಸುವವರಿಲ್ಲ. ಹಳೆಯ ಚಿತ್ರ ಅಲ್ಲೇ ಉಳಿಯುತ್ತದೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಿಂದ ಮುಂದೆ ಪ್ರತಿ ಕಿಟಕಿಯ ಚಿತ್ರವನ್ನೂ ವ್ಯವಸ್ಥೆಯೇ ಬೇರೆಡೆ ಕಾಪಿಟ್ಟುಕೊಂಡು ಜೋಡಿಸತೊಡಗಿತು, ಆ ಜಾಡು ಕಣ್ಮರೆಯಾಯಿತು. ಎಂದರೆ, ಇಂದು ಆ ಜಾಡನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನಗುತ್ತಿರುವ ಹುಡುಗರಲ್ಲಿ ಅನೇಕರು ಅದನ್ನು ನಿಜಜೀವನದಲ್ಲಿ ಕಂಡವರೇ ಅಲ್ಲ. ತಾವು ಅನುಭವಿಸದ ತಪ್ಪೊಂದನ್ನು ಅವರು ಹಳೆಯ ಶಾಸನದ ಪಡಿಯಚ್ಚು ತೆಗೆಯುವವರ ಶ್ರದ್ಧೆಯಿಂದ ಮರಳಿ ಕಟ್ಟುತ್ತಿದ್ದಾರೆ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಅಣಕಿಸುವುದಕ್ಕೆ ಮೊದಲು ಚೆನ್ನಾಗಿ ನೋಡಿರಬೇಕು. ಮಾವನ ಕೆಮ್ಮನ್ನು ಅನುಕರಿಸುವ ಮಗು ಮಾವನನ್ನು ವೈದ್ಯರಿಗಿಂತ ಹೆಚ್ಚು ಹೊತ್ತು ಗಮನಿಸಿರುತ್ತದೆ.

ಈ ಲೇಖನದ ತಲೆಬರಹವೂ ಅಂಥದೇ ಅಣಕಿನ ಲೋಕದಲ್ಲಿ ಪ್ರಸಿದ್ಧವಾದ ಒಂದು ಸಾಲು: ಕಾರ್ಯವು ಯಶಸ್ವಿಯಾಗಿ ವಿಫಲವಾಗಿದೆ. ಕೇಳಿದ ಕೂಡಲೇ ನಗು ಬರುತ್ತದೆ. ಆದರೆ ನಿಜವಾದ ಕಂಪ್ಯೂಟರುಗಳೂ ಇದಕ್ಕೆ ತೀರ ಹತ್ತಿರದ ಮಾತನ್ನು ಆಡಿವೆ. ವಿಂಡೋಸಿನಲ್ಲಿ ಪ್ರತಿ ದೋಷಕ್ಕೂ ಒಂದು ಸಂಖ್ಯೆಯಿದೆ, ಪ್ರತಿ ಸಂಖ್ಯೆಗೂ ಒಂದು ವಾಕ್ಯವಿದೆ. ಸೊನ್ನೆ ಎಂಬ ಸಂಖ್ಯೆಗೆ ನಿಗದಿಯಾದ ವಾಕ್ಯ, ಕಾರ್ಯ ಯಶಸ್ವಿಯಾಗಿ ಮುಗಿಯಿತು ಎಂದು. ಒಂದು ತಂತ್ರಾಂಶ ಏನೋ ಎಡವಟ್ಟಾಯಿತೆಂದು ತಿಳಿದು, ಕೊನೆಯ ದೋಷ ಯಾವುದು ಎಂದು ವ್ಯವಸ್ಥೆಯನ್ನು ಕೇಳುತ್ತದೆ. ವ್ಯವಸ್ಥೆಯ ಲೆಕ್ಕದಲ್ಲಿ ಯಾವ ದೋಷವೂ ದಾಖಲಾಗಿಲ್ಲ. ಅದು ಸೊನ್ನೆ ಎಂದು ಉತ್ತರಿಸುತ್ತದೆ. ಪರಿಣಾಮವಾಗಿ, ಕೆಂಪು ಗುರುತಿನ ಪಕ್ಕದಲ್ಲಿ, ದೋಷ ಎಂಬ ಶಿರೋನಾಮೆಯ ಕೆಳಗೆ, ಎಲ್ಲವೂ ಯಶಸ್ವಿಯಾಯಿತೆಂಬ ಘೋಷಣೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳಿದ್ದಾರೆ. ಎರಡು ಸತ್ಯಗಳು ಒಂದೇ ಚೌಕದಲ್ಲಿ ಕೂತಾಗ ಹುಚ್ಚು ಮಾತಾಗಿದೆ. ಯಾವುದಾದರೂ ಕಚೇರಿಯಲ್ಲಿ ಎರಡು ಮೇಜುಗಳ ನಡುವೆ ಅಲೆದವರಿಗೆ ಈ ತರ್ಕ ಹೊಸದೆನಿಸದು.

ನಗೆಯ ಮೂಲವೇನೆಂದು ನಮ್ಮ ಕಾವ್ಯಮೀಮಾಂಸಕರು ಆಳವಾಗಿ ಯೋಚಿಸಿದ್ದಾರೆ. ಭರತನ ನಾಟ್ಯಶಾಸ್ತ್ರವು ಹಾಸ್ಯಕ್ಕೆ ವಿಕೃತವಾದ ವೇಷ, ಮಾತು, ನಡತೆಗಳನ್ನು ಕಾರಣವಾಗಿ ಹೇಳಿ, ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸುತ್ತದೆ. ಅಭಿನವಗುಪ್ತನು ಇನ್ನೂ ಮುಂದೆ ಹೋಗಿ, ಅನೌಚಿತ್ಯವೇ ಹಾಸ್ಯದ ಬೇರೆಂದೂ, ಯಾವ ರಸವಾದರೂ ತನ್ನ ತಕ್ಕ ನೆಲೆಯನ್ನು ಬಿಟ್ಟು ಆಭಾಸವಾದಾಗ ಹಾಸ್ಯಕ್ಕೆ ತಿರುಗುತ್ತದೆಂದೂ ಕಂಡುಕೊಂಡನು. ರೌದ್ರವು ರಾವಣನಲ್ಲಿದ್ದರೆ ರೌದ್ರ. ಅದೇ ಆರ್ಭಟ ಸೀಟಿ ಊದುವ ಕಾವಲುಗಾರನ ಬಾಯಲ್ಲಿ ಬಂದರೆ ನಗು. ಈ ಕಣ್ಣಿನಿಂದ ಹಳೆಯ ಕಂಪ್ಯೂಟರಿನ ಮಾತುಗಳನ್ನು ನೋಡಬೇಕು. ತಂತ್ರಾಂಶವೊಂದು ಕಾನೂನುಬಾಹಿರ ಕೃತ್ಯ ಎಸಗಿದೆ, ಅದನ್ನು ಮುಚ್ಚಲಾಗುವುದು ಎಂದು ವಿಂಡೋಸ್ 95 ಹೇಳುತ್ತಿತ್ತು. ಮಾರಕ ದೋಷ ಎನ್ನುವುದು ಇನ್ನೊಂದು ಮಾತು. ಮನೆಯವರೊಬ್ಬರು ಮಗಳ ಮದುವೆಯ ಆಮಂತ್ರಣವನ್ನು ಬೆರಳಚ್ಚಿಸುತ್ತಿದ್ದಾಗ ಯಮನ ಕಚೇರಿಯ ಭಾಷೆ ಪರದೆಯ ಮೇಲೆ ಮೂಡಿದರೆ ಅದು ರಸಾಭಾಸವಲ್ಲದೆ ಇನ್ನೇನು? ಮೂಲದಲ್ಲಿ ಅದು ನಿರುಪದ್ರವಿ ಪರಿಭಾಷೆ. ಸಂಸ್ಕಾರಕಕ್ಕೆ ಅರ್ಥವಾಗದ ಆದೇಶ ಬಂತೆಂದಷ್ಟೇ ತಾತ್ಪರ್ಯ. ತಂತ್ರಜ್ಞರ ಒಳಮನೆಯ ಮಾತು ಜಗುಲಿಗೆ ಬಂದಾಗ ಅದರ ಅರ್ಥ ಬೇರೆಯಾಯಿತು. ಮುಂದೆ ಮೈಕ್ರೋಸಾಫ್ಟಿನ ಬರವಣಿಗೆಯ ಕೈಪಿಡಿಯೇ ಇಂಥ ಭೀಕರ ಪದಗಳನ್ನು ಬಳಸಬೇಡಿರೆಂದು ತನ್ನವರಿಗೆ ತಿಳಿಹೇಳಿತು. 2012ರ ವಿಂಡೋಸ್ 8ರಲ್ಲಿ ನೀಲಿ ಪರದೆಯ ಮೇಲೆ ಒಂದು ಅಳುಮುಖ ಬಂದು ಕುಳಿತಿತು. ನಮಗಂತೂ ಹಳೆಯ ಗದರಿಕೆಯೇ ಮೇಲೆನಿಸುತ್ತದೆ. ನಮ್ಮ ಕೆಲಸ ಕೆಡಿಸಿ ತಾನೇ ಅಳುವವನೊಡನೆ ಜಗಳವಾಡುವುದೂ ಕಷ್ಟ.

1900ರಲ್ಲಿ ನಗೆಯ ಕುರಿತು ಪುಸ್ತಕ ಬರೆದ ಫ್ರಾನ್ಸಿನ ತತ್ತ್ವಜ್ಞಾನಿ ಆನ್ರಿ ಬರ್ಗ್‌ಸನ್, ಜೀವಂತಿಕೆಯ ಮೇಲೆ ಯಾಂತ್ರಿಕತೆ ಹೊದಿಕೆಯಂತೆ ಕವಿದಾಗ ನಗು ಹುಟ್ಟುತ್ತದೆ ಎಂದು ವಾದಿಸಿದರು. ಮನುಷ್ಯ ಗೊಂಬೆಯಂತೆ ನಡೆದರೆ ನಾವು ನಗುತ್ತೇವೆ. ಅಣಕು ದೋಷಗಳಲ್ಲಿ ಇದು ತಿರುವುಮುರುವಾಗಿದೆ. ಇಲ್ಲಿ ಯಂತ್ರವೇ ಮನುಷ್ಯನಂತೆ ಹಟ ಹಿಡಿಯುತ್ತದೆ, ಮುನಿಯುತ್ತದೆ, ಸುಳ್ಳು ಹೇಳಿ ಸಿಕ್ಕಿಬೀಳುತ್ತದೆ. ಇದನ್ನು ಕಾಸರಗೋಡಿನ ಕಡೆಯ ನಾವು ಸುಲಭವಾಗಿ ಗುರುತಿಸಬಲ್ಲೆವು. ಯಕ್ಷಗಾನದಲ್ಲಿ ಬಾಗಿಲ ದೂತನ ಪಾತ್ರ ಹೆಚ್ಚಾಗಿ ಹಾಸ್ಯಗಾರನದು. ಅವನ ಕೆಲಸ ಚಿಕ್ಕದು: ಹೊರಗಿನ ಸುದ್ದಿಯನ್ನು ಒಳಗಿನ ಅರಸನಿಗೆ ತಲುಪಿಸುವುದು. ಅವನು ಸುದ್ದಿಯನ್ನು ತಲುಪಿಸದೆ ಇನ್ನೆಲ್ಲವನ್ನೂ ಮಾಡುತ್ತಾನೆ. ಹೆಸರನ್ನು ತಿರುಚುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡದೆ ಕೇಳದ್ದನ್ನು ವಿವರಿಸುತ್ತಾನೆ, ಅರಸನ ಸಿಟ್ಟನ್ನು ಕಂಡು ಸುದ್ದಿಯನ್ನೇ ಮರೆಯುತ್ತಾನೆ. ದೋಷ ಸಂದೇಶವೂ ಇಂಥ ಒಬ್ಬ ದೂತ. ಒಳಗೆ ನಡೆದ ಅವಘಡವನ್ನು ಹೊರಗೆ ಕುಳಿತವರಿಗೆ ತಿಳಿಸುವುದೊಂದೇ ಅವನ ಧರ್ಮ, ಅದನ್ನೇ ಅವನು ಮಾಡಲಾರ. ಅಣಕು ಕಟ್ಟುವ ಹುಡುಗರು ಆ ದೂತನಿಗೆ ಬಣ್ಣ ಹಚ್ಚಿ ಗೆಜ್ಜೆ ಕಟ್ಟಿದ್ದಾರೆ, ಅಷ್ಟೆ.

ಬಣ್ಣ ಹಚ್ಚಿದಾಗ ಒಂದು ಸತ್ಯ ಹೊರಬೀಳುತ್ತದೆ. ಚೌಕದ ಹಿಂದೆ ಮನುಷ್ಯರಿದ್ದಾರೆ. 'ದೋಷ ಸಂಭವಿಸಿದೆ' ಎಂಬ ವಾಕ್ಯಕ್ಕೆ ಕರ್ತೃವಿಲ್ಲ. ಮಳೆ ಬಂದಂತೆ, ಸಂಜೆಯಾದಂತೆ ದೋಷವೂ ತಾನಾಗಿ ಬಂತು ಎಂಬ ಧಾಟಿ. ಆದರೆ ಪ್ರತಿಯೊಂದು ಸಂದೇಶವನ್ನೂ ಯಾರೋ ಕುಳಿತು ಬರೆದಿದ್ದಾರೆ. 1992ರ ವಿಂಡೋಸ್ 3.1ರಲ್ಲಿ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬರುತ್ತಿದ್ದ ನೀಲಿ ಪರದೆಯ ಸಾಲುಗಳು ಸರಿಯಿಲ್ಲವೆಂದು ಆ ವಿಭಾಗದ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಆಕ್ಷೇಪಿಸಿದರಂತೆ. ಹಾಗಾದರೆ ನೀವೇ ಬರೆಯಿರಿ ಎಂದಾಗ ಅವರೇ ಬರೆದುಕೊಟ್ಟರೆಂದು ಅದೇ ಸಂಸ್ಥೆಯ ರೇಮಂಡ್ ಚೆನ್ ದಾಖಲಿಸಿದ್ದಾರೆ. 1985ರ ಅಮಿಗಾ ಕಂಪ್ಯೂಟರ್ ಕೆಟ್ಟಾಗ ಕಪ್ಪು ಪರದೆಯ ಮೇಲೆ ಮಿನುಗುತ್ತಿದ್ದ ಕೆಂಪು ಚೌಕದಲ್ಲಿ 'ಗುರು ಮೆಡಿಟೇಷನ್' ಎಂದಿರುತ್ತಿತ್ತು. ಕಂಪ್ಯೂಟರ್ ಕುಸಿದಾಗಲೆಲ್ಲ ಅದರ ತಯಾರಕರು ಆಟದ ಹಲಗೆಯೊಂದರ ಮೇಲೆ ಅಲುಗಾಡದೆ ಕೂತು ಮನಸ್ಸನ್ನು ತಣಿಸಿಕೊಳ್ಳುತ್ತಿದ್ದರೆಂದೂ, ಆ ಒಳಹಾಸ್ಯವೇ ಸಂದೇಶವಾಯಿತೆಂದೂ ಹೇಳುತ್ತಾರೆ. ನಮ್ಮ ಗುರುಗಳ ಧ್ಯಾನಕ್ಕೂ ಅದಕ್ಕೂ ಸಂಬಂಧವಿಲ್ಲವೆನ್ನಿ. ಆದರೂ ಬರೆದವರ ಮುಖ ಆ ಸಾಲಿನಲ್ಲಿ ಕಾಣುತ್ತದೆ. ಕರ್ತೃ ಕಂಡರೆ ಕೇಳುವವರಿಗೆ ಒಂದು ಸಮಾಧಾನ.

ಇಷ್ಟರವರೆಗೆ ನಗೆಯ ಪರವಾಗಿಯೇ ವಾದಿಸಿದೆವು. ಇದಕ್ಕೆ ಎದುರಾಗಿ ಹೇಳಬಹುದಾದ ಮಾತು ಹಗುರವಾದುದಲ್ಲ. ದೋಷವನ್ನು ಆಟವಾಗಿಸಿ ನಗುತ್ತ ನಗುತ್ತ, ನಿಜವಾದ ದೋಷ ಬಂದಾಗಲೂ ಅಲಕ್ಷ್ಯ ತೋರಿಸುವ ಗುಣ ಬೆಳೆಯುವುದಿಲ್ಲವೇ? ಯಂತ್ರದ ಎಚ್ಚರಿಕೆಯನ್ನು ಅಲಕ್ಷಿಸುವುದರಿಂದ ಜೀವ ಹೋದದ್ದೂ ಉಂಟು. ಕೆನಡಾದ ಸರಕಾರಿ ಸಂಸ್ಥೆಯೊಂದು ತಯಾರಿಸಿದ್ದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ, 1985ರಿಂದ 1987ರ ನಡುವೆ ಕನಿಷ್ಠ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. 1986ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ನಡೆದದ್ದು ಹೀಗೆ. ಯಂತ್ರ ನಡೆಸುವವರು ಆದೇಶಗಳನ್ನು ಟೈಪು ಮಾಡಿ, ಒಂದು ಅಕ್ಷರವನ್ನು ತಿದ್ದಿ, ಚಿಕಿತ್ಸೆ ಆರಂಭಿಸಿದರು. ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಎಂಬ ಸಾಲು ಬಂತು. ಹಾಗೆಂದರೇನು ಎಂದು ಅವರ ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಕೊಟ್ಟ ಪ್ರಮಾಣ ಕಡಿಮೆಯಾಯಿತೆಂದೇ ಪರದೆ ತೋರಿಸುತ್ತಿತ್ತು. ಅಂಥ ಅರ್ಥವಾಗದ ತಕರಾರುಗಳು ಆ ಯಂತ್ರದಲ್ಲಿ ದಿನನಿತ್ಯದ ಸಂಗತಿ. ಮುಂದುವರಿಸಲು 'ಪಿ' ಎಂಬ ಒಂದು ಕೀಲಿ ಒತ್ತಿದರೆ ಸಾಕು. ಅವರು ಒತ್ತಿದರು. ಒಳಗಿನ ರೋಗಿ ಮೊದಲ ಹೊಡೆತಕ್ಕೇ ಕಂಗೆಟ್ಟು ಏಳಲು ಹವಣಿಸುತ್ತಿದ್ದರು; ಎರಡನೆಯ ಹೊಡೆತವೂ ಬಿತ್ತು. ಒಳಗಿನ ದನಿಯನ್ನು ಹೊರಗೆ ಕೇಳಿಸಬೇಕಾದ ಉಪಕರಣ ಅಂದು ಕೆಟ್ಟಿತ್ತು. ಐದು ತಿಂಗಳಲ್ಲಿ ಆ ರೋಗಿ ತೀರಿಕೊಂಡರು.

ಇಲ್ಲಿ ಯಾರಾದರೂ ನಕ್ಕಿದ್ದರೇ? ಇಲ್ಲ. ಆ ಬೆರಳನ್ನು ನಡೆಸಿದ್ದು ಅಭ್ಯಾಸ. ದಿನವೂ ಕೂಗುವ ದೂತನನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಅವನಿಗೆ ನಗುವುದೂ ಇಲ್ಲ, ಹೆದರುವುದೂ ಇಲ್ಲ, ಬಾಗಿಲು ಸರಿಸಿ ಮುಂದೆ ಹೋಗುತ್ತಾರೆ. ತಪ್ಪನ್ನು ಆ ಕೆಲಸಗಾರರ ಮೇಲೆ ಹೊರಿಸಲು ನಮಗೆ ಮನಸ್ಸಿಲ್ಲ. ಅರ್ಥವಾಗದ ಭಾಷೆಯಲ್ಲಿ ನೂರು ಸಲ ಕೂಗುವಂತೆ ದೂತನನ್ನು ಕಲಿಸಿದವರು ಬೇರೆ. ಈ ಕಥೆಯ ಉತ್ತರಾರ್ಧ ನಮಗೆ ಇನ್ನೂ ಮುಖ್ಯವೆನಿಸುತ್ತದೆ. ಯಂತ್ರದಲ್ಲಿ ಏನೂ ದೋಷವಿಲ್ಲವೆಂಬ ತೀರ್ಮಾನದ ಮೇಲೆ ಅದನ್ನು ಮತ್ತೆ ಬಳಸತೊಡಗಿದರು. ಏಪ್ರಿಲಿನಲ್ಲಿ ಅದೇ ಆಸ್ಪತ್ರೆಯಲ್ಲಿ ಅದೇ 54 ಮತ್ತೆ ಬಂತು, ಇನ್ನೊಬ್ಬರು ಬಲಿಯಾದರು. ಆಗ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್, ಯಂತ್ರ ನಡೆಸಿದವರ ಜೊತೆ ಕೂತು, ಅಂದು ಟೈಪಿಸಿದ ಅಕ್ಷರಗಳನ್ನು ಅದೇ ಕ್ರಮದಲ್ಲಿ, ಅದೇ ವೇಗದಲ್ಲಿ ಮತ್ತೆ ಮತ್ತೆ ಟೈಪಿಸಿ ನೋಡಿದರು. ಕೊನೆಗೆ, ತಿದ್ದುಪಡಿಯನ್ನು ಅತಿ ವೇಗವಾಗಿ ಮಾಡಿದಾಗ ಮಾತ್ರ 54 ಬರುತ್ತದೆಂಬುದು ತಿಳಿಯಿತು. ನುರಿತ ಕೈಗಳ ವೇಗವನ್ನು ಯಂತ್ರದ ತಂತ್ರಾಂಶ ಹಿಡಿಯಲಾರದೆ ಹೋಗುತ್ತಿತ್ತು. ದೋಷವನ್ನು ಬೇಕೆಂದಾಗ ಬರಿಸುವುದು, ಅದನ್ನು ಮರುಸೃಷ್ಟಿಸುವುದು: ತನಿಖೆಯ ಮೊದಲ ಮೆಟ್ಟಿಲು ಇದೇ. ಹದಿಹರೆಯದ ಹುಡುಗ ಎಕ್ಸ್‌ಪಿಯ ಜಾಡನ್ನು ಬಿಡಿಸುವುದಕ್ಕೂ ಇದಕ್ಕೂ ಉದ್ದೇಶದಲ್ಲಿ ಆಕಾಶ ಭೂಮಿಯ ಅಂತರವಿದೆ, ನಿಜ. ಆದರೆ ಇಬ್ಬರೂ ಓಕೆ ಒತ್ತಿ ಮುಂದೆ ಹೋಗದೆ ಚೌಕವನ್ನು ದಿಟ್ಟಿಸಿ ನೋಡಿದವರು. ಆದ್ದರಿಂದ ಅಣಕು ಹಾಸ್ಯ ಅಲಕ್ಷ್ಯವನ್ನು ಬೆಳೆಸುತ್ತದೆ ಎಂಬ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ.

ನಗೆಗೆ ಇನ್ನೊಂದು ಗುಣವಿದೆ: ಅದು ಒಂಟಿಯಾಗಿರಲು ಒಪ್ಪದು. ಒಂದು ದೋಷದ ಚೌಕ ಸಾವಿರಾರು ಜನರಿಗೆ ನಗೆ ತರಿಸಬೇಕಾದರೆ, ಆ ಸಾವಿರಾರು ಜನರೂ ಅದನ್ನು ಕಂಡಿರಬೇಕು. ಇದು ನನಗೊಬ್ಬನಿಗೇ ಆದದ್ದಲ್ಲ ಎಂಬ ಬಿಡುಗಡೆ ಆ ನಗೆಯಲ್ಲಿದೆ. ಈ ಬಿಡುಗಡೆ ಸಿಗದಿದ್ದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣಕ್ಕಿಂತ ಘೋರ ಉದಾಹರಣೆ ಬೇಡ. ಅಲ್ಲಿನ ಅಂಚೆ ಕಚೇರಿಗಳಿಗೆ 'ಹೊರೈಝನ್' ಎಂಬ ಲೆಕ್ಕದ ವ್ಯವಸ್ಥೆ ಬಂದಿತು. ಹಳ್ಳಿಗಳ ಉಪ ಅಂಚೆ ಕಚೇರಿಗಳಲ್ಲಿ ಪೆಟ್ಟಿಗೆಯ ಹಣಕ್ಕೂ ಪರದೆಯ ಲೆಕ್ಕಕ್ಕೂ ತಾಳೆಯಾಗದೆ ಸಾವಿರಾರು ಪೌಂಡುಗಳ ಕೊರತೆ ಕಾಣತೊಡಗಿತು. ಇಲ್ಲಿ ದೋಷದ ಚೌಕವೇ ಬರಲಿಲ್ಲ. ಯಂತ್ರ ಕೂಗಲಿಲ್ಲ, ಕೆಂಪು ಗುರುತು ತೋರಿಸಲಿಲ್ಲ, ಶಾಂತವಾಗಿ ತಪ್ಪು ಮೊತ್ತವನ್ನು ಬರೆದು ತೋರಿಸಿತು. ಸಹಾಯ ಕೇಳಿ ದೂರವಾಣಿ ಮಾಡಿದವರಲ್ಲಿ ಅನೇಕರಿಗೆ ಸಿಕ್ಕ ಉತ್ತರ, ಈ ತೊಂದರೆ ಬೇರೆ ಯಾರಿಗೂ ಆಗಿಲ್ಲ, ನಿಮಗೊಬ್ಬರಿಗೇ ಎಂದು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮೊದಲಾದ ಆರೋಪಗಳಲ್ಲಿ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆಗೆ ಹೋದರು, ಮನೆ ಮಾರಿದವರಿದ್ದಾರೆ, ಊರವರ ಕಣ್ಣಲ್ಲಿ ಕಳ್ಳರಾಗಿ ಬದುಕಿ ಸತ್ತವರಿದ್ದಾರೆ. 2009ರಲ್ಲಿ ಫೆನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ಅಂಥ ಕೆಲವರು ಮೊದಲ ಬಾರಿಗೆ ಸೇರಿದರು. ಬೇರೆ ಬೇರೆ ಊರುಗಳಿಂದ ಬಂದು, ಒಬ್ಬರ ಕಥೆಯನ್ನು ಇನ್ನೊಬ್ಬರು ಕೇಳಿದಾಗ, ತಮಗೊಬ್ಬರಿಗೇ ಎಂಬ ಸುಳ್ಳು ಒಡೆಯಿತು. ಹತ್ತು ವರ್ಷಗಳ ಬಳಿಕ, 2019ರಲ್ಲಿ, ಉಚ್ಚ ನ್ಯಾಯಾಲಯ ಆ ವ್ಯವಸ್ಥೆಯಲ್ಲಿ ದೋಷಗಳಿದ್ದುದನ್ನು ಎತ್ತಿಹಿಡಿಯಿತು. 2024ರಲ್ಲಿ ಶಿಕ್ಷೆಗಳನ್ನು ಒಟ್ಟಾಗಿ ರದ್ದುಗೊಳಿಸುವ ಕಾನೂನೇ ಬಂತು. ಕೂಗುವ ದೂತ ಕಿರಿಕಿರಿಯಾದರೂ, ಕೂಗದ ದೂತನಿಗಿಂತ ಅವನು ಎಷ್ಟೋ ವಾಸಿ.

ಹಾಗೆಂದು ಎಲ್ಲ ಕಡೆಯೂ ನಗಬಹುದೆಂದು ನಾವು ಹೇಳಲಾರೆವು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶವೊಂದರ ಕೆಟ್ಟ ತಿದ್ದುಪಡಿಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಅಂದು ಸಂಜೆಯೊಳಗೆ ನೀಲಿ ಪರದೆಯ ತಮಾಷೆಗಳು ಎಲ್ಲೆಡೆ ಹರಿದಾಡಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಪಡೆದವರು ಅದರ ಚಿತ್ರ ತೆಗೆದು ಸಂಭ್ರಮಿಸಿದರು. ಅದೇ ಹೊತ್ತಿಗೆ ಹೊರದೇಶಗಳ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋಗಿದ್ದವು. ಒಂದೇ ನೀಲಿ ಬಣ್ಣ, ನೋಡುವವರು ಕುಳಿತ ಜಾಗ ಬೇರೆ. ಅಣಕಿನ ಕಿಟಕಿಯನ್ನು ಬೇಕೆಂದಾಗ ಮುಚ್ಚಬಹುದು. ನೂರು ಚೌಕಗಳು ಕುಣಿದರೂ ನೋಡುವವರ ಒಂದು ಕಡತವೂ ಹಾಳಾಗುವುದಿಲ್ಲ. ಮುಚ್ಚಲಾಗದ ಕಿಟಕಿಯ ಮುಂದೆ ನಿಂತವರನ್ನು ನೋಡಿ ನಗುವುದು ಎಡವಿ ಬಿದ್ದವರನ್ನು ನೋಡಿ ನಗುವುದಕ್ಕೆ ಸಮ. ಅಲ್ಲಿಗೆ ಮನೆಯ ಹಿರಿಯರ ಮಾತು ಮತ್ತೆ ಅನ್ವಯಿಸುತ್ತದೆ.

ಗಡಿಯ ಈಚೆ ಬದುಕುವ ನಮಗೆ ಆ ಮುಚ್ಚಲಾಗದ ಕಿಟಕಿಯ ಪರಿಚಯ ತುಸು ಹೆಚ್ಚೇ ಇದೆ. ನಮ್ಮಲ್ಲಿ ಅನೇಕರಿಗೆ ಉಪನಾಮವೆಂಬುದಿಲ್ಲ. ಊರಿನ ಹೆಸರೋ ತಂದೆಯ ಹೆಸರೋ ಒಂದಕ್ಷರವಾಗಿ ಮುಂದೆ ನಿಲ್ಲುತ್ತದೆ, ಅಷ್ಟೆ. ಅರ್ಜಿಯ 'ಉಪನಾಮ' ಎಂಬ ಜಾಗವನ್ನು ಖಾಲಿ ಬಿಟ್ಟರೆ ಕೆಂಪಕ್ಷರ ಮೂಡುತ್ತದೆ: ಈ ಜಾಗ ತುಂಬುವುದು ಕಡ್ಡಾಯ. ಇಲ್ಲದ್ದನ್ನು ತುಂಬುವುದು ಹೇಗೆ? ಒಂದೇ ಹೆಸರಿನ ನಮ್ಮ ಬಂಧುಗಳು ಕೆಲವರು ಅಮೆರಿಕಕ್ಕೆ ಹೋದಾಗ, ಇರುವ ಹೆಸರು ಉಪನಾಮದ ಜಾಗಕ್ಕೆ ಸರಿದು, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂಬ ಮೂರಕ್ಷರ ಬಂದು ಕೂರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಅಜ್ಜಿ ತೊಟ್ಟಿಲು ತೂಗಿ ಕಿವಿಯಲ್ಲಿ ಕರೆದ ಹೆಸರು ಯಂತ್ರಕ್ಕೆ ತಿಳಿದಿಲ್ಲ. ಇನ್ನು ಹೊಸೂರು, ತಾಳವಾಡಿಯ ಕಡೆಯವರ ಪಾಡು ಬೇರೆ. ತಮಿಳು ಲಿಪಿಯಲ್ಲಿ ಕ-ಗಗಳಿಗೆ, ತ-ದಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಕನ್ನಡದ ಗೋವಿಂದ ಆ ಲಿಪಿಗೆ ಹೋಗಿ, ಅಲ್ಲಿಂದ ರೋಮನ್ ಅಕ್ಷರಕ್ಕೆ ಇಳಿಯುವಾಗ ಕೋವಿಂದನೂ ಆಗಬಹುದು. ಭಾಷೆಯ ತಪ್ಪಲ್ಲ, ಲಿಪಿಯ ತಪ್ಪೂ ಅಲ್ಲ. ಪ್ರತಿ ಲಿಪಿಗೂ ಅದರದೇ ಧರ್ಮವಿದೆ. ಆದರೆ ಎರಡು ದಾಖಲೆಗಳನ್ನು ಎದುರಾಬದುರು ಇಟ್ಟ ಯಂತ್ರ, ಹೆಸರು ಹೊಂದಿಕೆಯಾಗುತ್ತಿಲ್ಲ ಎಂದು ಹೇಳುತ್ತದೆ. ಗೋವಿಂದನ ವೃದ್ಧಾಪ್ಯ ವೇತನ ಕೋವಿಂದನಿಗಾಗಿ ಕಾದು ನಿಂತರೆ, ಅದು ಯಾವ ಅಣಕಿಗೂ ನಿಲುಕದ ಪ್ರಹಸನ. ಕೈಬರಹದ ಕಾಲದಲ್ಲಿ ಗುಮಾಸ್ತರೊಬ್ಬರು ಎರಡೂ ಒಂದೇ ಎಂದು ಷರಾ ಬರೆಯುತ್ತಿದ್ದರು. ಷರಾ ಬರೆಯುವ ಅಂಚು ಪರದೆಗೆ ಇಲ್ಲ.

ಇಂಥ ಕಡೆ ದೋಷದ ಚೌಕ ಇನ್ನೊಂದು ರೂಪ ತಾಳುತ್ತದೆ. ಅದನ್ನು ಓದುವವರು ಒಬ್ಬರು, ಅದರ ಫಲ ಉಣ್ಣುವವರು ಇನ್ನೊಬ್ಬರು. ಪರದೆ ಗುಮಾಸ್ತರ ಕಡೆಗೆ ತಿರುಗಿದೆ; ಅರ್ಜಿದಾರರಿಗೆ ಕಾಣುವುದು ಅದರ ಬೆನ್ನು, ತೂಗುವ ತಂತಿಗಳು. ಅವರಿಗೆ ಕೇಳಿಸುವುದು 'ತಗೊಳ್ಳುತ್ತಿಲ್ಲ' ಎಂಬ ಒಂದು ಮಾತು ಮಾತ್ರ. ಯಾವುದು ತಗೊಳ್ಳುತ್ತಿಲ್ಲ, ಯಾಕೆ ತಗೊಳ್ಳುತ್ತಿಲ್ಲ ಎಂದು ಚೌಕದಲ್ಲಿ ಬರೆದಿರಬಹುದು, ಬರೆಯದೆಯೂ ಇರಬಹುದು. ಮಕ್ಕಳ ಅಣಕುಗಳನ್ನು ನೋಡಿ ಬೆಳೆದ ತಲೆಮಾರಿನಿಂದ ನಾವು ಇಷ್ಟನ್ನು ನಿರೀಕ್ಷಿಸುತ್ತೇವೆ. ಅಜ್ಜನ ಜೊತೆ ಅಂಥ ಮೇಜಿನ ಮುಂದೆ ನಿಂತಾಗ ಅವರು ಆ ಚೌಕವನ್ನು ವಿಧಿಲಿಖಿತವೆಂದು ಭಾವಿಸಲಾರರು. ಯಾರೋ ಬರೆದ ಸಾಲು ಅದು, ಕೆಲವೊಮ್ಮೆ ಎರಡು ಸತ್ಯಗಳು ಸೇರಿ ಆದ ಹುಚ್ಚು ಮಾತು, ಎಂಬುದು ಅವರಿಗೆ ಆಟದಲ್ಲೇ ತಿಳಿದಿದೆ. ಅವರು ಕೇಳಬೇಕಾದ ಪ್ರಶ್ನೆಗೆ ಗಣಕ ವಿಜ್ಞಾನದ ಪದವಿ ಬೇಡ. "ಸ್ವಲ್ಪ ಪರದೆ ಈ ಕಡೆ ತಿರುಗಿಸುತ್ತೀರಾ? ಅದರಲ್ಲಿ ಏನು ಬರೆದಿದೆಯೆಂದು ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ."